ಐತವಾರದ ಅಪ್ಪ

ನಮ್ಮ ಕಡೆ ರಜೆಗೆ ‘ಸೂಟಿ’ ಅನ್ನುತ್ತಾರೆ. ಸಾಲಿಗೆ ಸೂಟಿ, ಆಫೀಸಿಗೆ ಸೂಟಿ, ಕಾರ್ಖಾನೆಯವರಿಗೆ ವಾರದ ಸೂಟಿ. ಮರಾಠಿಯ ‘ಸುಟ್ಟಿ’ಯಿಂದ ಬಂದ ಮಾತಿದು. ಅದರ ಹಿಂದಿರುವ ಕ್ರಿಯಾಪದ ‘ಸುಟಣೆ’. ಅಂದರೆ ಬಿಡುಗಡೆಯಾಗುವುದು, ಕಳಚಿಕೊಳ್ಳುವುದು. ‘ರಜೆ’ ಬಂದ ದಾರಿ ಬೇರೆ. ಅರಬ್ಬಿಯಲ್ಲಿ ಹುಟ್ಟಿ ಫಾರ್ಸಿ, ಉರ್ದುಗಳನ್ನು ಹಾದು ನಮ್ಮ ಕಚೇರಿಗಳಿಗೆ ಬಂದ ‘ರಜಾ’ ಎಂಬ ಶಬ್ದಕ್ಕೆ ಮೂಲದಲ್ಲಿ ಒಪ್ಪಿಗೆ, ಅನುಮತಿ ಎಂಬ ಅರ್ಥವಿದೆ. ಒಂದು ಮಾತು ಕೆಲಸದಿಂದ ಬಿಡಿಸಿಕೊಂಡವನ ಬಾಯಿಂದ ಬಂದಂತಿದೆ, ಇನ್ನೊಂದು ಸಾಹೇಬರ ಮುಂದೆ ಅರ್ಜಿ ಹಿಡಿದು ನಿಂತವನ ಬಾಯಿಂದ. ವಾರಕ್ಕೊಮ್ಮೆ ಬರುವ ಆ ಒಂದು ದಿನ ಹಕ್ಕೋ ಅಪ್ಪಣೆಯೋ ಎಂಬ ಜಗಳ ಈ ಎರಡು ಶಬ್ದಗಳ ನಡುವೆಯೇ ಇದೆ ಅನ್ನಿಸುತ್ತದೆ.

ನಾನು ಇತಿಹಾಸದ ಮೇಷ್ಟ್ರು. ಊರು ಕೊಡ್ಲಿ. ಮೊದಲು ಚಿಂಚೋಳಿ ತಾಲೂಕಿನಲ್ಲಿದ್ದ ಊರು ಈಗ ಕಾಳಗಿ ತಾಲೂಕಿಗೆ ಸೇರಿದೆ. ವಾರದ ಆರು ದಿನ ಪದವಿಪೂರ್ವ ಕಾಲೇಜಿನ ಹುಡುಗರಿಗೆ ರಾಷ್ಟ್ರಕೂಟರು, ಬಹಮನಿಗಳು, ನಿಜಾಮರು ಎಂದು ಪಾಠ ಹೇಳುತ್ತೇನೆ. ಏಳನೆಯ ದಿನ ಮನೆಯಲ್ಲಿರುತ್ತೇನೆ. ಮಗಳಿಗೆ ಈಗ ಒಂದು ವರ್ಷ ಎಂಟು ತಿಂಗಳು. ಹೆಂಡತಿ ನರ್ಸ್. ಆಕೆಯ ಡ್ಯೂಟಿ ಪಟ್ಟಿಗೆ ಐತವಾರ, ಸೋಮವಾರ ಎಂಬ ಭೇದವಿಲ್ಲ. ಹಾಗಾಗಿ ತಿಂಗಳಲ್ಲಿ ಎರಡೋ ಮೂರೋ ಐತವಾರ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಮಗಳು, ಇಬ್ಬರೇ.

ಅಂಥ ದಿನದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಹಾಲಿನಲ್ಲಿ ಜೋಳದ ರೊಟ್ಟಿ ನೆನೆಸಿ ತಿನ್ನಿಸುತ್ತೇನೆ. ಅರ್ಧ ಆಕೆಯ ಹೊಟ್ಟೆಗೆ ಹೋದರೆ ಇನ್ನರ್ಧ ನನ್ನ ಅಂಗಿಗೆ. ಕಟ್ಟೆಯ ಮೇಲೆ ಕೂತರೆ ರಸ್ತೆಯಲ್ಲಿ ಹೋಗುವ ಪ್ರತಿ ಟಂಟಮ್ಮಿಗೂ ಟಾಟಾ ಆಗಬೇಕು. ಯಾರೂ ತಿರುಗಿ ಕೈ ಬೀಸದಿದ್ದರೆ ನನ್ನ ಮುಖ ನೋಡುತ್ತಾಳೆ, ಅದಕ್ಕೆ ನಾನೇ ಉತ್ತರ ಕೊಡಬೇಕಾದವನು ಎಂಬಂತೆ. ಕಿರಾಣಿ ಅಂಗಡಿ ನಮ್ಮ ಮನೆಯಿಂದ ನೂರು ಹೆಜ್ಜೆ. ಆಕೆಯ ಜೊತೆ ಹೋದರೆ ಅರ್ಧ ತಾಸು. ದಾರಿಯಲ್ಲಿ ಒಣಹಾಕಿದ ತೊಗರಿ ಕಟ್ಟಿಗೆ ಇದೆ, ಇರುವೆ ಸಾಲಿದೆ, ಆಡಿನ ಹಿಕ್ಕೆ ಇದೆ. ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿ, ನನ್ನ ಕೈಗೆ ಕೊಟ್ಟು, ಮತ್ತೆ ಇಸಿದುಕೊಂಡು ಮುಂದೆ ಹೋಗಬೇಕು.

ಮೊನ್ನೆ ಹಾಗೆ ಹೋಗುವಾಗ ಓಣಿಯ ಕಾಕಿಯೊಬ್ಬರು ಕೇಳಿದರು: “ಏನೋ ತಮ್ಮಾ, ಇವತ್ತ ನೀನೇ ಕೂಸಿಗಿ ಕಾಯ್ಲತ್ತಿ ಏನ್? ಆಕಿ ಎಲ್ಲಿಗಿ ಹೋಗ್ಯಾಳ?”

“ಡ್ಯೂಟಿಗಿ ಹೋಗ್ಯಾಳ, ಕಾಕಿ.”

“ಪಾಪ, ಸೂಟಿ ದಿನಾನೂ ನಿನಗ ಆರಾಮ ಇಲ್ಲ ನೋಡು.”

ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ, ನಿಜವಾದ ಮರುಕವಿತ್ತು. ನನ್ನ ಹೆಂಡತಿ ಸೂಟಿಯ ದಿನ ಮಗುವನ್ನು ಎತ್ತಿಕೊಂಡು ಅದೇ ಅಂಗಡಿಗೆ ಹೋದಾಗ ಯಾರೂ ಪಾಪ ಅಂದದ್ದನ್ನು ನಾನು ಕೇಳಿಲ್ಲ. ಅಪ್ಪನ ಸೂಟಿ ಎಂದರೆ ಅಪ್ಪನ ಆರಾಮ. ಮಗುವಿನ ಜೊತೆ ಕಳೆದದ್ದು ಸೂಟಿಯಲ್ಲಿ ಮುರಿದುಕೊಂಡ ಭಾಗ. ಈ ಲೆಕ್ಕ ಕಾಕಿಯವರದಷ್ಟೇ ಅಲ್ಲ, ಇದರ ಬೇರು ಬಹಳ ಆಳದಲ್ಲಿದೆ. ಅದನ್ನು ಹುಡುಕಹೊರಟದ್ದೇ ಈ ಬರಹ.

ಹುಡುಕುವುದು ಸುಲಭವಿಲ್ಲ. ಇತಿಹಾಸಕಾರರಿಗೆ ಮಗುವೇ ಕಣ್ಣಿಗೆ ಬಿದ್ದದ್ದು ತಡವಾಗಿ. ಫ್ರಾನ್ಸಿನ ಫಿಲಿಪ್ ಆರಿಯೆಸ್ 1960ರಲ್ಲಿ ಬಾಲ್ಯದ ಇತಿಹಾಸದ ಮೇಲೆ ಪುಸ್ತಕ ಪ್ರಕಟಿಸಿದ ಮೇಲೆಯೇ ಅದು ಗಂಭೀರ ಚರ್ಚೆಯ ವಿಷಯವಾಯಿತು. ಆತನ ಎಷ್ಟೋ ತೀರ್ಮಾನಗಳನ್ನು ನಂತರದವರು ಒಪ್ಪಲಿಲ್ಲ. ಆದರೆ ಆತನಿಗೆ ಎದುರಾದ ಕಷ್ಟ ಎಲ್ಲರಿಗೂ ಎದುರಾಯಿತು: ಚಿಕ್ಕ ಮಕ್ಕಳ ದಿನಚರಿಯನ್ನು ಬರೆದಿಟ್ಟವರು ಯಾರು? ಆತ ಬಹಳವಾಗಿ ಬಳಸಿಕೊಂಡ ಒಂದು ಆಧಾರ ಜಾನ್ ಎರೊಆರ್ ಎಂಬ ವೈದ್ಯನ ದಿನಚರಿ. 1601ರಲ್ಲಿ ಹುಟ್ಟಿದ ಒಂದು ಗಂಡುಮಗು ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಏನು ಆಡಿತು ಎಂದು ಆತ ದಿನದಿನವೂ ಬರೆದಿಟ್ಟ. ಬರೆಯಲು ಕಾರಣವಿತ್ತು. ಆ ಮಗು ಮುಂದೆ ಹದಿಮೂರನೆಯ ಲೂಯಿ ಎಂಬ ದೊರೆಯಾಗಬೇಕಿತ್ತು.

ಆ ಮಗುವಿನ ಅಪ್ಪ ನಾಲ್ಕನೆಯ ಹೆನ್ರಿಯ ಬಗ್ಗೆ ಒಂದು ಕತೆಯಿದೆ. ಸ್ಪೇನಿನ ರಾಯಭಾರಿ ಅರಮನೆಗೆ ಬಂದಾಗ ದೊರೆ ನೆಲದ ಮೇಲೆ ಅಂಬೆಗಾಲಿಟ್ಟು ಮಕ್ಕಳಿಗೆ ಕುದುರೆಯಾಗಿದ್ದನಂತೆ. ಚಿತ್ರಕಾರ ಆಂಗ್ರ್ 1817ರಲ್ಲಿ ಇದನ್ನು ಚಿತ್ರವಾಗಿಸಿದ. ನಡೆದದ್ದೋ ಕಟ್ಟಿದ್ದೋ, ಕತೆ ಎರಡು ಶತಮಾನ ಉಳಿದದ್ದು ಜನರಿಗೆ ಅದು ವಿಚಿತ್ರವೆನ್ನಿಸಿದ್ದರಿಂದ. ಅಪ್ಪ ಕುದುರೆಯಾಗುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಆಟ. ನೆನಪಿನಲ್ಲಿ ಉಳಿಯಲು ಮಾತ್ರ ಅಪ್ಪ ದೊರೆಯಾಗಿರಬೇಕು, ಬಾಗಿಲಲ್ಲಿ ರಾಯಭಾರಿ ನಿಂತಿರಬೇಕು.

ನಮ್ಮ ನೆಲದಲ್ಲೇ ನೋಡೋಣ. ಚಿತ್ತಾಪುರ, ಸೇಡಂ, ಶಹಾಬಾದ್ ಇಷ್ಟರೊಳಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಅಪ್ಪಂದಿರು ಸಿಗುತ್ತಾರೆ.

ಮೊದಲು ಸನ್ನತಿ. ಚಿತ್ತಾಪುರ ತಾಲೂಕಿನಲ್ಲಿ ಭೀಮಾ ದಂಡೆಯ ಮೇಲಿನ ಈ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನಕಲ್ಲು ಬೆಳಕಿಗೆ ಬಂತು. ಅದರಲ್ಲಿ ಕಳಿಂಗದ ಧೌಲಿ, ಜೌಗಡಗಳಲ್ಲಿ ಇರುವ ಪ್ರತ್ಯೇಕ ಶಾಸನಗಳ ಪಾಠವೂ ಇದೆ. ಎಲ್ಲ ಮನುಷ್ಯರನ್ನೂ ಅಶೋಕ ತನ್ನ ಮಕ್ಕಳೆಂದು ಕರೆದುಕೊಳ್ಳುವುದು, ಹೆತ್ತ ಮಕ್ಕಳಿಗೆ ಬಯಸುವ ಹಿತವನ್ನೇ ಅವರಿಗೂ ಬಯಸುತ್ತೇನೆ ಎನ್ನುವುದು ಈ ಶಾಸನಗಳಲ್ಲೇ. ಅದೇ ಅಶೋಕ ಬೇರೆ ಕಡೆಗಳಲ್ಲಿರುವ ತನ್ನ ಆರನೆಯ ಬಂಡೆ ಶಾಸನದಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ತಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ಕೆಲಸವನ್ನು ಯಾವಾಗ ಬೇಕಾದರೂ ಬಂದು ತಿಳಿಸಬಹುದು. ಎಂದರೆ ಸೂಟಿ ಇಲ್ಲದ ಅರಸ. ನಾಡಿಗೆಲ್ಲ ಅಪ್ಪನಾದವನು ಅಂತಃಪುರದ ಹೊತ್ತನ್ನೂ ಕಚೇರಿಗೆ ಕೊಟ್ಟಿದ್ದಾನೆ. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದೆ. ಪಕ್ಕದಲ್ಲಿ ರಾಣಿ, ಸುತ್ತ ಸೇವಕಿಯರು. ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ನನ್ನ ಕಣ್ಣು ಆ ಕಲ್ಲಿನಲ್ಲಿ ಮಗುವನ್ನು ಹುಡುಕುತ್ತದೆ.

ಆಮೇಲೆ ಸೇಡಂ ತಾಲೂಕಿನ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ದಂಡೆಯ ಈ ಊರಿನಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕವಿರಾಜಮಾರ್ಗದಿಂದಾಗಿ ಕನ್ನಡಿಗರಿಗೆಲ್ಲ ಗೊತ್ತು. ಆತ ಹುಟ್ಟಿದ್ದು ಅರಮನೆಯಲ್ಲಲ್ಲ. ಅಪ್ಪ ಮೂರನೆಯ ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ಮರಳುವಾಗ, ನರ್ಮದೆಯ ಸೀಮೆಯ ಶ್ರೀಭವನದ ಬೀಡಿನಲ್ಲಿ, ಕ್ರಿ.ಶ. 800ರ ಹೊತ್ತಿಗೆ. 814ರಲ್ಲಿ ಅಪ್ಪ ತೀರಿಕೊಂಡಾಗ ಮಗ ಇನ್ನೂ ಹುಡುಗ. ಬಂಧುವಾದ ಕರ್ಕ ಬೆನ್ನಿಗೆ ನಿಂತು ಪಟ್ಟ ಉಳಿಸಿಕೊಟ್ಟ. ಈ ಅಪ್ಪ ಮಗನ ನಡುವೆ ಇದ್ದದ್ದು ಹೆಚ್ಚೆಂದರೆ ಹದಿನಾಲ್ಕು ವರ್ಷ, ಅದರಲ್ಲಿ ಯುದ್ಧಕ್ಕೆ ಎಷ್ಟು ಹೋಯಿತೋ. ಗೋವಿಂದ ಯಾರ್ಯಾರನ್ನು ಗೆದ್ದ ಎಂಬುದಕ್ಕೆ ತಾಮ್ರಪಟಗಳಿವೆ. ಬೀಡಿನ ಒಂದು ಸಂಜೆ ಆತ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡನೇ ಎಂಬುದಕ್ಕೆ ಪಟವಿಲ್ಲ.

ಮೂರನೆಯದು ಶಹಾಬಾದ್ ಬಳಿಯ ಮರತೂರು. ಮಿತಾಕ್ಷರ ಬರೆದ ವಿಜ್ಞಾನೇಶ್ವರನ ಊರೆಂದು ನಮ್ಮ ಜಿಲ್ಲೆಯವರು ಇದನ್ನು ತೋರಿಸುತ್ತಾರೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ; ವಿಜ್ಞಾನೇಶ್ವರ ಆ ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಗೆ ಆತ ಬರೆದ ಟೀಕೆ ಮುಂದೆ ಬಂಗಾಳ, ಅಸ್ಸಾಮಿನ ಕಡೆ ಬಿಟ್ಟು ದೇಶದ ಬಹುಭಾಗದಲ್ಲಿ ಹಿಂದೂ ಆಸ್ತಿ ಕಾನೂನಿನ ಬುನಾದಿಯಾಯಿತು. ಅದರ ತಿರುಳು ಇಷ್ಟು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಅಪ್ಪ ಸತ್ತ ಮೇಲೆ ಮಾತ್ರ ಮಗನಿಗೆ ಹಕ್ಕು ಎಂದ. ವಿಜ್ಞಾನೇಶ್ವರನ ಲೆಕ್ಕದಲ್ಲಿ ತೊಟ್ಟಿಲಲ್ಲಿರುವ ಗಂಡುಕೂಸು ಅಪ್ಪನ ಪಾಲುದಾರ.

ಇದು ಸಣ್ಣ ಮಾತಲ್ಲ. ಅಪ್ಪನ ಬಳಿ ಇರುವುದೆಲ್ಲ ಅಪ್ಪನದೇ ಅಲ್ಲ, ಮಗುವಿಗೆ ಹುಟ್ಟಿನಿಂದಲೇ ಅದರಲ್ಲಿ ಪಾಲಿದೆ ಎಂದು ಒಂಬತ್ತು ಶತಮಾನಗಳ ಹಿಂದೆ ನಮ್ಮ ಕಡೆಯವನೊಬ್ಬ ವಾದಿಸಿದ್ದ. ಆ ಪಾಲಿನಲ್ಲಿ ನನ್ನ ಮಗಳಂಥವರು ಸೇರಲು ಬಹಳ ಕಾಲ ಬೇಕಾಯಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಬಂತು, ದೇಶದ ತಿದ್ದುಪಡಿ 2005ರಲ್ಲಿ. ಹೆಣ್ಣುಮಕ್ಕಳ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿ ಬಂದಾಗ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್‌ನಲ್ಲಿ. ಹೊಲ, ಮನೆ, ಬಂಗಾರ ಎಲ್ಲದರಲ್ಲೂ ಮಗುವಿನ ಪಾಲು ಇತ್ಯರ್ಥವಾಯಿತು. ಅಪ್ಪನ ಹೊತ್ತಿನಲ್ಲಿ ಮಗುವಿಗೆ ಪಾಲಿದೆಯೇ ಎಂಬ ಪ್ರಶ್ನೆ ಯಾವ ಟೀಕೆಯಲ್ಲೂ ಬರಲಿಲ್ಲ. ಹೊತ್ತು ಎಂಬುದು ಹಂಚಬೇಕಾದ ಆಸ್ತಿ ಎಂದು ಎಣಿಸುವ ಕಾಲ ಇನ್ನೂ ಬಂದಿರಲಿಲ್ಲ.

ಹೊತ್ತು ಎಣಿಕೆಗೆ ಸಿಕ್ಕಿದ್ದು ಕಾರ್ಖಾನೆಗಳು ಬಂದ ಮೇಲೆ. ಅದಕ್ಕೂ ಮೊದಲು ವಾರಗಳಿರಲಿಲ್ಲವೆಂದಲ್ಲ. ಮಧ್ಯಪ್ರದೇಶದ ಏರಣದ ಸ್ತಂಭಶಾಸನದಲ್ಲಿ ಕ್ರಿ.ಶ. 484ರಷ್ಟು ಹಿಂದೆಯೇ ಗುರುವಾರದ ಉಲ್ಲೇಖವಿದೆ. ನಮ್ಮ ಚಾಲುಕ್ಯ ಶಾಸನಗಳಲ್ಲಿ ಆದಿತ್ಯವಾರ, ಸೋಮವಾರಗಳು ಮತ್ತೆ ಮತ್ತೆ ಬರುತ್ತವೆ. ಆ ಆದಿತ್ಯವಾರವೇ ಸವೆದು ನಮ್ಮ ಬಾಯಲ್ಲಿ ಐತವಾರವಾಗಿದೆ. ಆದರೆ ಶಾಸನದ ಆದಿತ್ಯವಾರ ದಾನ ಕೊಡುವ ದಿನ, ಗ್ರಹಣದ ದಿನ. ಕೆಲಸ ನಿಲ್ಲಿಸುವ ದಿನ ಆಗಿರಲಿಲ್ಲ.

ಒಕ್ಕಲುತನದವರ ಬಿಡುವಿನ ದಿನ ಸೋಮವಾರ. ಬಸವಣ್ಣನ ವಾರವೆಂದು ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮ್ಮ ಮುತ್ಯಾ ಅದನ್ನು ಕಡೆಯವರೆಗೂ ಬಿಡದೆ ನಡೆಸಿದರು. ಎತ್ತಿಗೆ ವಾರದ ಸೂಟಿ ಇತ್ತು; ಆಯಿಗೆ ಇರಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕೆಲಸ ಬಿಡುತ್ತಿದ್ದದ್ದು ಎಳ್ಳಮಾವಾಸ್ಯೆಯಂಥ ದಿನ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ಸಜ್ಜಿರೊಟ್ಟಿ ಉಣ್ಣುವ ದಿನ. ಅಂದು ಕೂಸು ಅಪ್ಪನ ಹೆಗಲ ಮೇಲೆ. ಆ ಭಜ್ಜಿ ಕುದಿಸಲು ಆಯಿ ನಸುಕಿಗಿಂತ ಮೊದಲೇ ಏಳುತ್ತಿದ್ದರು.

ಮುತ್ಯಾ ಹೇಳುತ್ತಿದ್ದ ಇನ್ನೊಂದು ಸಂಗತಿ ನನ್ನ ವಿದ್ಯಾರ್ಥಿಗಳಿಗೆ ಹೊಸದು. “ನಮ್ಮ ಕಾಲಕ್ಕ ಜುಮ್ಮಾಕ್ಕ ಸಾಲಿ ಬಂದ್ ಇರ್ತಿತ್ತು.” ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರಕಾರಿ ಕಚೇರಿ, ಸಾಲಿಗಳಿಗೆ ವಾರದ ಸೂಟಿ ಶುಕ್ರವಾರ. ಬೊಂಬಾಯಿಯಿಂದ ರಾಯಚೂರಿನ ಕಡೆಗೆ ಹೋಗುವ ರೈಲುದಾರಿಗೆ ವಾಡಿಯಲ್ಲಿ ಸಿಕಂದರಾಬಾದಿನ ದಾರಿ ಕೂಡಿಕೊಂಡದ್ದು 1874ರಲ್ಲಿ. ಚಿತ್ತಾಪುರ, ಸೇಡಂ ಸ್ಟೇಷನ್ನುಗಳು ಆ ದಾರಿಯ ಮೇಲಿವೆ. ಒಂದು ತುದಿಗೆ ಐತವಾರದ ಬೊಂಬಾಯಿ, ಇನ್ನೊಂದು ತುದಿಗೆ ಶುಕ್ರವಾರದ ಹೈದರಾಬಾದ್.

ಬೊಂಬಾಯಿಯ ಐತವಾರವೂ ಸುಮ್ಮನೆ ಬಂದದ್ದಲ್ಲ. ಇಂಗ್ಲಿಷರ ಕಚೇರಿಗಳು ಭಾನುವಾರ ಮುಚ್ಚುತ್ತಿದ್ದವು, ಗಿರಣಿಗಳು ಮುಚ್ಚುತ್ತಿರಲಿಲ್ಲ. ಜ್ಯೋತಿಬಾ ಫುಲೆಯವರ ಸಂಗಾತಿ, ‘ದೀನಬಂಧು’ ಪತ್ರಿಕೆ ನಡೆಸಿದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಕೂಡಿಸಿ, ಐದೂವರೆ ಸಾವಿರ ಮಂದಿಯ ಸಹಿ ಇರುವ ಮನವಿ ಕೊಟ್ಟರು. ಮೊದಲ ಬೇಡಿಕೆಯೇ ವಾರಕ್ಕೊಂದು ದಿನ ಸೂಟಿ. ಭಾನುವಾರ ಖಂಡೋಬಾನ ವಾರ, ದೇವರ ಸೇವೆಗೆ ಬಿಡುವು ಬೇಕು ಎಂಬ ಮಾತೂ ಆ ಬೇಡಿಕೆಯ ಜೊತೆ ಇತ್ತೆಂದು ಹೇಳುತ್ತಾರೆ. ಅಲ್ಲಿಯ ಖಂಡೋಬಾ ನಮ್ಮಲ್ಲಿಯ ಮೈಲಾರಲಿಂಗ. 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾನೂನು ವಾರದ ಸೂಟಿಯನ್ನು ಬ್ರಿಟಿಷ್ ಭಾರತಕ್ಕೆಲ್ಲ ಹರಡಿತು. ನಾವು ಈಗ ಭಾನುವಾರವೆಂದರೆ ಪಂಚಾಂಗದೊಳಗೇ ಇರುವ ಸೂಟಿ ಅಂದುಕೊಂಡಿದ್ದೇವೆ. ಅದು ಆರು ವರ್ಷ ಹಟ ಹಿಡಿದು ಕೇಳಿ ಪಡೆದದ್ದು.

ಆದರೆ ಆ ಕಾನೂನು ನಿಜಾಮರ ಸೀಮೆಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮಲ್ಲಿ ಸಿಮೆಂಟ್ ಕಾರ್ಖಾನೆಯ ಬದುಕು ಶುರುವಾದದ್ದು 1920ರ ದಶಕದಲ್ಲಿ, ಶಹಾಬಾದ್ ಸಿಮೆಂಟ್ ಕಂಪನಿಯೊಂದಿಗೆ. ಅದು 1936ರಲ್ಲಿ ಎಸಿಸಿಯಲ್ಲಿ ಸೇರಿಕೊಂಡಿತು. ಮುಂದೆ ವಾಡಿ, ಮಳಖೇಡ, ಸೇಡಂಗಳಲ್ಲಿ ಒಂದೊಂದಾಗಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕೆಳಗೆ ಸುಣ್ಣದಕಲ್ಲು ಇರುವ ನೆಲವಿದು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಯಿತು. ದೇಶದ ಹೊಸ ಕಾರ್ಖಾನೆ ಕಾಯ್ದೆಗೆ ಒಪ್ಪಿಗೆಯ ಮುದ್ರೆ ಬಿದ್ದದ್ದು ಅದೇ ಸೆಪ್ಟೆಂಬರ್ 23ರಂದು. ಎರಡಕ್ಕೂ ಸಂಬಂಧವಿಲ್ಲ, ಆರು ದಿನಗಳ ಅಂತರ ಮಾತ್ರ. ಆದರೂ ನಮ್ಮ ಕಡೆಯವರ ಬದುಕಿನಲ್ಲಿ ಎರಡೂ ಬೆಸೆದುಕೊಂಡವು. ಶುಕ್ರವಾರದ ಸೂಟಿ ಹೋಗಿ ಭಾನುವಾರದ ಸೂಟಿ ಬಂತು. ಮುಂದೆ ಆ ಕಾಯ್ದೆಯೂ ಬಂತು. ಅದರ 52ನೆಯ ಕಲಂ ಪ್ರಕಾರ ಕಾರ್ಮಿಕನಿಗೆ ವಾರದ ಮೊದಲ ದಿನ ಸೂಟಿ ಇತ್ತು. ಅಂದು ದುಡಿಸಿದರೆ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ತಿ ದಿನ ಬಿಡಬೇಕಿತ್ತು. ಹೇಗೆ ಹೊಂದಿಸಿದರೂ ಸೂಟಿಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಸತತವಾಗಿ ದುಡಿಸುವಂತಿರಲಿಲ್ಲ.

ಈ ‘ಹಿಂದಿನ ಅಥವಾ ಮುಂದಿನ’ ಎಂಬ ಮಾತಿನ ಒಳಗೆ ನಮ್ಮಪ್ಪ ಬದುಕಿದರು. ಅವರು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಮೂರು ಪಾಳಿಯಲ್ಲಿ ದುಡಿದವರು. ಸಿಮೆಂಟ್ ಆಗಬೇಕಾದರೆ ಸುಣ್ಣದಕಲ್ಲಿನ ಪುಡಿ, ಸುತ್ತುವ ಭಟ್ಟಿಯಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಟ್ಟು ಗಟ್ಟಿ ಉಂಡೆಯಾಗಬೇಕು. ಆ ಭಟ್ಟಿಯನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ಆರಿದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆ, ಮತ್ತೆ ಕಾಯಿಸಲು ಇಂಧನ ಸುರಿಯಬೇಕು. ಭಟ್ಟಿಗೆ ಸೂಟಿ ಇಲ್ಲದ್ದರಿಂದ ಅದರ ಸುತ್ತಲಿನ ಮನುಷ್ಯರ ಸೂಟಿ ಹಂಚಿಹೋಯಿತು: ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಶುಕ್ರವಾರ. ಅಪ್ಪನ ಸೂಟಿಯ ದಿನ ನಾವು ಸಾಲಿಯಲ್ಲಿರುತ್ತಿದ್ದೆವು. ನಮ್ಮ ಐತವಾರ ಅವರು ಪಾಳಿಯಲ್ಲಿರುತ್ತಿದ್ದರು. ರಾತ್ರಿಪಾಳಿ ಮುಗಿಸಿ ಬಂದ ಹಗಲು ಅವ್ವ ಬಾಯಿ ಮೇಲೆ ಬೆರಳಿಟ್ಟು, “ಗಪ್ಪ ಕೂಡ್ರಿ, ಅಪ್ಪ ಮಲಗ್ಯಾರ” ಅನ್ನುತ್ತಿದ್ದಳು. ನನಗೆ ನೆನಪಿರುವ ಅಪ್ಪನ ಸೂಟಿ ಎಂದರೆ ಫರಸಿ ನೆಲದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಬೆನ್ನು. ಸಂಜೆ ಎದ್ದು ಮುಖ ತೊಳೆದು ಮಿರ್ಚಿಭಜಿ ಕೊಡಿಸಲು ಕರೆದುಕೊಂಡು ಹೋಗುತ್ತಿದ್ದರು. ಅವರ ಬೆರಳು ಹಿಡಿದರೆ ಒರಟು. ಆ ಬೆನ್ನಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಿದ್ದೆಗೂ ಸಾಲದಷ್ಟು ಸೂಟಿಯಲ್ಲಿ ಅವರು ಭಜಿಯ ಹೊತ್ತನ್ನು ಉಳಿಸಿಟ್ಟಿದ್ದರಲ್ಲ ಎಂಬುದು ಈಗ ತಿಳಿಯುತ್ತದೆ.

ಅಪ್ಪನಿಗಾದರೂ ಕಲಂ ಇತ್ತು. ಚಿಂಚೋಳಿ ಕಡೆಯ ತಾಂಡಾಗಳಿಂದ, ನಮ್ಮ ಕೊಡ್ಲಿಯ ಸುತ್ತಿನ ಊರುಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವವರ ಲೆಕ್ಕ ಬೇರೆ. ದಿನಗೂಲಿಯವನಿಗೆ ಸೂಟಿ ಎಂದರೆ ಆ ದಿನದ ಪಗಾರ ಇಲ್ಲ. ಮಕ್ಕಳು ಊರಲ್ಲಿ ಆಯಿ, ಮುತ್ಯಾನ ಬಳಿ. ಅಪ್ಪ ಮೊಬೈಲಿನ ಬೊಗಸೆಯಷ್ಟು ಚಿತ್ರದಲ್ಲಿ. ನನ್ನ ತರಗತಿಯಲ್ಲಿ ಅಂಥ ಮನೆಗಳಿಂದ ಬಂದವರು ಪ್ರತಿ ವರ್ಷವೂ ಇರುತ್ತಾರೆ. ಒಂದು ಸಾದಾ ದಿನವನ್ನು ಮಗಳ ಜೊತೆ ಇರುವೆ ನೋಡುತ್ತ ಕಳೆಯುವ ನಾನು ಅವರ ಅಪ್ಪಂದಿರ ಪಕ್ಕದಲ್ಲಿ ಸಾಹುಕಾರನೇ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗ ಯಾವಾಗ ಸೀನಿದ, ಯಾವಾಗ ಸಿಟ್ಟು ತೋರಿಸಿದ ಎಂದು ಬರೆದಿಟ್ಟು, 1877ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದ. ಅಪ್ಪನೊಬ್ಬ ಕೂಸನ್ನು ದಿನವೂ ಗಮನಿಸಿದ ದೊಡ್ಡ ದಾಖಲೆ ಅದು. ಡಾರ್ವಿನ್ ಪಗಾರಕ್ಕೆ ದುಡಿಯಬೇಕಿರಲಿಲ್ಲ, ಮನೆಯಲ್ಲಿ ದಾದಿಯರೂ ಇದ್ದರು.

ಇನ್ನು ಕಾಕಿಯವರ ‘ಪಾಪ’ದ ವಿಚಾರ. ಕಾನೂನು ಅಪ್ಪನಿಗೆ ವಾರದ ಸೂಟಿ ಕೊಟ್ಟಿತು, ಮಗುವನ್ನು ಮಾತ್ರ ಅಮ್ಮನ ಲೆಕ್ಕಕ್ಕೆ ಬರೆಯಿತು. ಅದೇ 1948ರ ಕಾಯ್ದೆಯ 48ನೆಯ ಕಲಂ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕು ಎಂದಿತು. ಯಾವಾಗ? 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುತ್ತಿದ್ದರೆ. 1976ರಲ್ಲಿ ಅದು 30ಕ್ಕಿಳಿಯಿತು. ಸಾವಿರ ಗಂಡಸರು ದುಡಿಯುವ ಕಡೆ ಒಂದು ತೊಟ್ಟಿಲೂ ಬೇಕಿರಲಿಲ್ಲ, ಆ ಸಾವಿರ ಮಂದಿಗೆ ಮಕ್ಕಳೇ ಇಲ್ಲವೇನೋ ಎಂಬಂತೆ. ಕೇಂದ್ರ ಸರಕಾರಿ ನೌಕರರಾದ ಅಪ್ಪಂದಿರಿಗೆ ಹೆರಿಗೆಯ ಹೊತ್ತಿಗೆ 15 ದಿನಗಳ ಪಿತೃತ್ವ ರಜೆ ಸಿಕ್ಕಿದ್ದು 1990ರ ದಶಕದ ಕೊನೆಗೆ. 2017ರ ತಿದ್ದುಪಡಿಯಲ್ಲಿ ತಾಯಂದಿರ ಹೆರಿಗೆ ರಜೆ 26 ವಾರಗಳಾಯಿತು. ಖಾಸಗಿ ಕೆಲಸದ ಅಪ್ಪಂದಿರ ಬಗ್ಗೆ ಆ ಕಾನೂನು ಮಾತಾಡಲಿಲ್ಲ.

ದೇಶದಲ್ಲಿ ಯಾರು ದಿನವನ್ನು ಹೇಗೆ ಕಳೆಯುತ್ತಾರೆ ಎಂದು ಮೊದಲ ಬಾರಿಗೆ ರಾಷ್ಟ್ರಮಟ್ಟದಲ್ಲಿ ಕೇಳಿದ್ದು 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ. ಮನೆಯವರ ಆರೈಕೆಯ ಕೆಲಸದಲ್ಲಿ ದಿನದಲ್ಲಿ ಸ್ವಲ್ಪವಾದರೂ ತೊಡಗಿದವರು ಹೆಂಗಸರಲ್ಲಿ ಶೇ. 27.6, ಗಂಡಸರಲ್ಲಿ ಶೇ. 14. ತೊಡಗಿದವರಲ್ಲಿ ಹೆಂಗಸರು ಸರಾಸರಿ 134 ನಿಮಿಷ, ಗಂಡಸರು 76 ನಿಮಿಷ. ಅಡುಗೆ, ಕಸ, ಬಟ್ಟೆಗಳ ಲೆಕ್ಕ ಬೇರೆ: ಹೆಂಗಸರಿಗೆ 299 ನಿಮಿಷ, ಗಂಡಸರಿಗೆ 97. ಶಾಸನಗಳಲ್ಲಿ ಸಿಗದ ಸಂಗತಿ ಕಡೆಗೂ ನಿಮಿಷಗಳಲ್ಲಿ ದಾಖಲಾಯಿತು.

ಮಧ್ಯಾಹ್ನ ಮಗಳು ಫರಸಿ ನೆಲದ ಮೇಲೆಯೇ ನಿದ್ದೆಹೋಗುತ್ತಾಳೆ. ಬ್ಯಾಸಗಿಯಲ್ಲಿ ಹಾಸಿಗೆ ಹಾಕಿದರೆ ಉರುಳಿಕೊಂಡು ತಣ್ಣನೆಯ ಕಲ್ಲಿಗೇ ಬರುತ್ತಾಳೆ. ಆ ಹೊತ್ತು ನನಗೆ ಒಂದು ವಿಚಾರ ಬರುತ್ತದೆ. ಮೂರು ವರ್ಷದೊಳಗಿನ ನೆನಪುಗಳು ದೊಡ್ಡವರಾದ ಮೇಲೆ ಉಳಿಯುವುದು ಬಹಳ ಅಪರೂಪ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಟಂಟಂ, ಇರುವೆ ಸಾಲು, ಹಾಲುರೊಟ್ಟಿ, ಕುದುರೆಯಾದ ಅಪ್ಪ ಯಾವುದೂ ಆಕೆಗೆ ನೆನಪಿರುವುದಿಲ್ಲ. ನಾಡಿನ ದಾಖಲೆಯಲ್ಲಿ ಇಲ್ಲದ ದಿನ ಆಕೆಯ ತಲೆಯಲ್ಲೂ ಇರುವುದಿಲ್ಲ. ಆದರೆ ನಡೆಯುವಾಗ ಎಡವಿದರೆ ತಿರುಗಿ ಯಾರ ಕಡೆ ನೋಡಬೇಕು ಎಂಬುದನ್ನು ಆಕೆ ಈ ದಿನಗಳಲ್ಲೇ ಕಲಿಯುತ್ತಿದ್ದಾಳೆ. ಅವ್ವನ ಕಡೆ ಮಾತ್ರವೋ, ಇಬ್ಬರ ಕಡೆಯೋ. ಅದು ನೆನಪಾಗಿ ಉಳಿಯದಿದ್ದರೂ ಅಭ್ಯಾಸವಾಗಿ ಉಳಿಯುತ್ತದೆ. ಮುಂದೆ ಆಕೆ ತನ್ನ ಮನೆಯಲ್ಲಿ ಯಾರಿಗೆ ‘ಪಾಪ’ ಅನ್ನುತ್ತಾಳೆ, ಯಾರಿಗೆ ಅನ್ನುವುದಿಲ್ಲ ಎಂಬುದೂ ಇಲ್ಲಿಂದಲೇ ಶುರು.

ಈ ವರ್ಷ ಪ್ರಥಮ ಪಿಯುಸಿ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ಮೂರು ತಲೆಮಾರಿನವರನ್ನು ಕೇಳಿ ಬರೆಯಿರಿ: ಅವರಿಗೆ ಸೂಟಿ ಯಾವ ದಿನ, ಆ ದಿನ ಏನು ಮಾಡುತ್ತಿದ್ದರು. ಉತ್ತರಗಳು ಬಂದವು. ಮುತ್ಯಾಂದಿರ ಸೋಮವಾರಗಳು ಬಂದವು, ಶುಕ್ರವಾರದ ಸಾಲಿ ಸೂಟಿ ನೆನಪಿದ್ದ ಒಬ್ಬರು ಸಿಕ್ಕರು, ಕಾರ್ಖಾನೆಯ ಬುಧವಾರ, ಗುರುವಾರಗಳು ಬಂದವು. ‘ಅಪ್ಪ ಮುಂಬೈದಾಗ ಇರ್ತಾರ, ಗೊತ್ತಿಲ್ಲ’ ಎಂಬ ಸಾಲು ನಾಲ್ಕು ವಹಿಗಳಲ್ಲಿ ಇತ್ತು. ಹುಡುಗಿಯೊಬ್ಬಳು ವಹಿ ಹಿಡಿದುಕೊಂಡು ಮೇಜಿನ ಬಳಿ ಬಂದಳು. ಅಜ್ಜ, ಅಪ್ಪ, ಅಣ್ಣ ಎಲ್ಲರ ಮುಂದೆ ದಿನ ಬರೆದಿದ್ದಳು.

“ಸರ್, ಅವ್ವಗ ಕೇಳ್ದೆ. ನಗ್ಲತ್ತಾಳ. ಏನ್ ಬರೀಲಿ?”

“ನಕ್ಕಳು ಅಂತ ಬರಿ,” ಅಂದೆ. ಬರೆದಳು. ಉಳಿದ ಹುಡುಗರು ತಮ್ಮ ತಮ್ಮ ವಹಿ ತೆಗೆದು ನೋಡಿಕೊಂಡರು. ಬಹಳ ಮಂದಿ ಆ ಸಾಲನ್ನು ಕೇಳಿಯೇ ಇರಲಿಲ್ಲ. ಮರುದಿನ ಕೇಳಿಕೊಂಡು ಬರುತ್ತೇವೆ ಅಂದರು.